ಒಲೆಗೆ ಕುಂಕುಮವಿಟ್ಟರೆ ಸಾಕೇ?



ಕಳೆದ ತಿಂಗಳು ಶಿಗ್ಗಾಂವಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಊಟದ ನಡುವೆ ಅವನು ದೂರತೊಡಗಿದ: “ಸರ್, ಸಿಲಿಂಡರ್ ಮೊದಲ ಒಂದೂವರಿ ತಿಂಗಳ ಬರತಿತ್ತರಿ. ಈಗ ತಿಂಗಳಿಗೇ ಮುಗೀತದ. ತೂಕದಾಗ ಮೋಸ ಮಾಡತಾರ.”

ಕೈ ತೊಳೆಯಲೆಂದು ಎದ್ದವನು ಅಡುಗೆಮನೆಯೊಳಗೆ ಇಣುಕಿದೆ. ಸ್ಟೀಲ್ ಒಲೆಯ ಉರಿ ಹಳದಿಯಾಗಿತ್ತು. ಪಾತ್ರೆಗಳ ತಳ ಮಸಿಗಟ್ಟಿತ್ತು. ಬರ್ನರಿನ ಅರ್ಧದಷ್ಟು ತೂತುಗಳಲ್ಲಿ ರೊಟ್ಟಿಯ ಹಿಟ್ಟು, ಉಕ್ಕಿದ ಹಾಲು ಸುಟ್ಟು ಕಲ್ಲಾಗಿದ್ದವು. “ತೂಕದ ಅನುಮಾನವಿದ್ದರೆ ಬಾಗಿಲಲ್ಲೇ ತೂಗಿಸು. ಸಿಲಿಂಡರಿನ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಸೇರಬೇಕು. ಆದರೆ ಮೊದಲು ಈ ಕಳ್ಳನನ್ನು ಹಿಡಿ” ಎಂದು ಒಲೆಯನ್ನು ತೋರಿಸಿದೆ. ಅವನು ನಕ್ಕು, “ಒಲಿ ತಿಕ್ಕೂದು ಹೆಣ್ಮಕ್ಕಳ ಕೆಲಸರಿ” ಎಂದ. ಈ ಬರಹ ಆ ಮಾತಿಗೆ ಉತ್ತರ.

ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆತರೆ ಉರಿ ನೀಲಿ. ಗಾಳಿ ಸಾಲದಿದ್ದರೆ ದಹನ ಅಪೂರ್ಣ. ಉರಿ ಹಳದಿ, ಮಸಿ, ಜೊತೆಗೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇದನ್ನು ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದವನು ನಾನು. ಆದರೆ ನಿವೃತ್ತನಾಗುವವರೆಗೆ ನನ್ನ ಮನೆಯ ಒಲೆಯ ಉರಿ ಯಾವ ಬಣ್ಣದ್ದೆಂದು ನೋಡಿರಲಿಲ್ಲ. ನನ್ನ ಮಡದಿ ಅದರ ಮುಂದೆ ನಿಂತು ಕೆಮ್ಮುತ್ತಿದ್ದಳು. ಒಗ್ಗರಣೆಯ ಘಾಟು ಇರಬೇಕೆಂದು ನಾನು ಪತ್ರಿಕೆ ಓದುತ್ತ ಕುಳಿತಿರುತ್ತಿದ್ದೆ. ನನ್ನ ಪಾಠದಲ್ಲಿ ನಪಾಸಾದವನು ನಾನೇ.

“ಸ್ಟೀಲಿಗೆ ತುಕ್ಕಿಲ್ಲ, ಆರೈಕೆ ಬೇಡ” ಎನ್ನುವವರಿದ್ದಾರೆ. ಇದೂ ತಪ್ಪು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೆಯರ್ಲಿ ತಯಾರಿಸಿದ ಈ ಉಕ್ಕನ್ನು ಕಾಯುವುದು ಕ್ರೋಮಿಯಂ. ಅದು ಕನಿಷ್ಠ ಶೇ. 10.5ರಷ್ಟಿದ್ದರೆ ಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಉಪ್ಪುನೀರು, ಬ್ಲೀಚಿಂಗ್ ಪುಡಿ ಆ ಪೊರೆಯನ್ನು ತಿನ್ನುತ್ತವೆ. ಕಬ್ಬಿಣದ ತಂತಿಯ ಸ್ಕ್ರಬ್ಬರ್ ಗೀರೆಬ್ಬಿಸಿ, ತನ್ನ ಚೂರುಗಳನ್ನು ಬಿಟ್ಟು, ಅವು ತುಕ್ಕು ಹಿಡಿಯುತ್ತವೆ. ಹುಣಸೆಹಣ್ಣು-ಉಪ್ಪು ಹಿತ್ತಾಳೆಯ ಕೊಡಕ್ಕೆ ಸರಿ, ಸ್ಟೀಲಿಗೆ ಬೇಡ.

ಮಾಡಬೇಕಾದುದು ಇಷ್ಟೇ. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಿದ ಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ದಿನವೂ ಒರೆಸಿ, ಒಣಬಟ್ಟೆಯಿಂದ ನೀರು ತೆಗೆಯಬೇಕು. ಜೋಳ, ಸಜ್ಜೆಯ ಹಿಟ್ಟು ಉದುರುವ ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ಬರ್ನರನ್ನು ಬಿಸಿ ಸೋಪುನೀರಿನಲ್ಲಿ ನೆನೆಸಿ, ಸೂಜಿಯಿಂದ ತೂತು ಬಿಡಿಸಿ, ಪೂರ್ತಿ ಒಣಗಿಸಿ ಕೂಡಿಸಬೇಕು. ಬೆಂಕಿಕಡ್ಡಿ ತುರುಕಿದರೆ ಒಳಗೇ ಮುರಿಯುತ್ತದೆ. ರಬ್ಬರ್ ನಳಿಗೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅಂದೇ ಬದಲಿಸಬೇಕು. ಸೋರಿಕೆಯನ್ನು ಸೋಪಿನ ನೊರೆಯಿಂದ ಪರೀಕ್ಷಿಸಿ. ಕಡ್ಡಿ ಗೀರಿ ನೋಡುವ ಶೂರತನ ಬೇಡ. ವಾಸನೆ ಬಂದರೆ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಇದರಲ್ಲಿ ಹೆಣ್ಣಿಗೆ ಮಾತ್ರ ಸಾಧ್ಯವಾಗುವ ಕೆಲಸ ಯಾವುದು? ಬೈಕನ್ನು ಪ್ರತಿ ಭಾನುವಾರ ಒರೆಸುವ ಕೈಗಳಿಗೆ ಬರ್ನರು ಭಾರವೇ? ಹಾನಗಲ್ಲಿನಲ್ಲಿರಲಿ, ಸವಣೂರು, ಹಿರೇಕೆರೂರಿನಲ್ಲಿರಲಿ, ರೊಟ್ಟಿ ತಿನ್ನುವವರೆಲ್ಲರಿಗೂ ಆ ಒಲೆಯ ಋಣವಿದೆ.

ಮಹಾನವಮಿಗೆ ಒಲೆಗೂ ಅರಿಸಿನ-ಕುಂಕುಮವಿಟ್ಟು ಕೈಮುಗಿಯುತ್ತೇವೆ. ನನ್ನ ತಾಯಿಯೂ ಮಣ್ಣಿನ ಒಲೆಗೆ ಕುಂಕುಮವಿಡುತ್ತಿದ್ದಳು. ಆದರೆ ಬೂದಿ ತೆಗೆದು, ಸೆಗಣಿಯಿಂದ ಸಾರಿಸಿದ ಮೇಲೆ. ನಾವು ಸಾರಿಸುವುದನ್ನು ಬಿಟ್ಟು ಕುಂಕುಮವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಈ ಭಾನುವಾರ ಉರಿಯ ಬಣ್ಣ ನೋಡಿರಿ. ಹಳದಿಯಾಗಿದ್ದರೆ ಸೂಜಿ ಹಿಡಿದು ನೀವೇ ಕುಳಿತುಕೊಳ್ಳಿರಿ.

ನಿಮ್ಮ ಮಾಸ್ತರ