ಯಾವ ಸೋಮವಾರ, ಸಾಹೇಬರೇ?



ನಿಮ್ಮ ಹೆಸರು, ಹುದ್ದೆ, ಕಚೇರಿ ಯಾವುದನ್ನೂ ಇಲ್ಲಿ ಬರೆದಿಲ್ಲ. ಸೊಲ್ಲಾಪುರ ರಸ್ತೆಯ ನಮ್ಮ ಕಾಲೊನಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ಕೊಟ್ಟಾಯಿತು, ಅದರ ಮೇಲೆ ಮುದ್ರೆ ಒತ್ತಿಸಿಕೊಂಡಾಯಿತು, ವಾರ್ಡಿನ ಸದಸ್ಯರಿಂದ ಫೋನೂ ಮಾಡಿಸಿದ್ದಾಯಿತು. ಉಳಿದದ್ದು ಪತ್ರಿಕೆಯೊಂದೇ.

ನಮ್ಮ ಕಾಲೊನಿಯ ಉದ್ಯಾನದ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಟೈಲ್ಸ್ ಹಾಕಿದ ವಾಕಿಂಗ್ ಪಾತ್, ವ್ಯಾಯಾಮದ ಸಾಮಾನು, ಉದ್ಘಾಟನೆಯ ಕಲ್ಲು, ಆಮೇಲೆ ಬೀಗ. ಕೀಲಿ ಇಟ್ಟುಕೊಂಡ ಹುಡುಗ ಬರುವುದು ಎಂಟೂವರೆಗೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಊರಲ್ಲಿ ಎಂಟೂವರೆಯ ಬಿಸಿಲಿಗೆ ಎಮ್ಮೆಗಳೂ ನೆರಳು ಹುಡುಕುತ್ತವೆ. ನಾವು ಕೇಳಿದ್ದು ಒಂದೇ: ಬೆಳಗಿನ ಐದೂವರೆಗೆ ಗೇಟು ತೆರೆಯಲಿ. ಹೊಸ ಕಟ್ಟಡ ಬೇಡ, ಅನುದಾನ ಬೇಡ, ಟೆಂಡರೂ ಬೇಡ. ‘ಸೋಮವಾರದಿಂದ ತೆಗಸ್ತೀನ್ರಿ’ ಎಂದು ಎಲ್ಲರೆದುರು ಹೇಳಿದಿರಿ. ಅದು ಯಾವ ಸೋಮವಾರ ಎಂಬುದು ಈವತ್ತಿಗೂ ತಿಳಿದಿಲ್ಲ.

ಹೀಗಾಗಿ ನಾವೆಲ್ಲ ರಸ್ತೆಯ ಅಂಚಿನಲ್ಲೇ ಅಡ್ಡಾಡುತ್ತಿದ್ದೆವು. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಹಿಂದೆ ದೀಪವಿಲ್ಲ. ಅಂಥದೊಂದು ಮೈಮೇಲೆ ಬಂತೆಂದು ನಮ್ಮ ಪಕ್ಕದ ಮನೆಯಾಕೆ ಕೆಳಗಿಳಿದರು, ಗರಸಿನಲ್ಲಿ ಕಾಲು ಜಾರಿ ಬಿದ್ದರು, ಸೊಂಟದ ಎಲುಬು ಮುರಿಯಿತು. ಇದನ್ನೇ ಹೇಳಲು ನಿಮ್ಮ ಕೋಣೆಗೆ ಬಂದಾಗ ಫೈಲಿನಿಂದ ತಲೆ ಎತ್ತದೆ ಅಂದಿರಿ: ‘ಬಾಯಾರ, ಈ ವಯಸ್ಸಿನ್ಯಾಗ ಯಾಕ ಅಡ್ಡಾಡ್ತೀರಿ? ಮನ್ಯಾಗ ಆರಾಮ ಕುಂದರ್ರಿ.’

ನಾನು ತಿಕೋಟಾ ಕಡೆಯ ಹಳ್ಳಿಗಳಲ್ಲಿ ನರ್ಸಬಾಯಿಯಾಗಿ ದುಡಿದು ನಿವೃತ್ತಳಾದವಳು. ಮನೆಯಲ್ಲಿ ಆರಾಮ ಕುಳಿತವರಿಗೆ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಅರವತ್ತು ದಾಟಿದರೂ ಹೊಲದಲ್ಲಿ ಕಳೆ ತೆಗೆದು, ದ್ರಾಕ್ಷಿ ಶೆಡ್ಡಿನಲ್ಲಿ ಸಂಜೆಯವರೆಗೆ ನಿಂತವರು. ಮಗ ಊರಿಗೆ ಕರೆತಂದು ಎರಡನೆಯ ಮಹಡಿಯಲ್ಲಿ ಟಿ.ವಿ. ಮುಂದೆ ಕೂರಿಸುತ್ತಾನೆ, ಪ್ರೀತಿಯಿಂದಲೇ. ವರ್ಷ ಕಳೆಯುವುದರಲ್ಲಿ ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಆಮೇಲೆ ನೀರಿನ ತಂಬಿಗೆಗೂ ಎರಡು ಕೈ ಬೇಕು. ಮೈಯಾಗಿನ ಕಸುವು ಹೋತು ಎನ್ನುತ್ತೇವಲ್ಲ, ಡಾಕ್ಟರರು ಅದಕ್ಕೆ ಫ್ರೇಲ್ಟಿ ಎನ್ನುತ್ತಾರೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಅದಕ್ಕೆ ಐದು ಗುರುತು ಹೇಳಿದರು: ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ದಣಿವು, ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಕಂಡರೆ ಫ್ರೇಲ್ಟಿ, ಒಂದೆರಡು ಕಂಡರೆ ಅದರ ಹೊಸ್ತಿಲು. ಐದನೆಯ ಗುರುತನ್ನೇ ನೀವು ನಮಗೆ ಔಷಧಿಯಾಗಿ ಬರೆದುಕೊಟ್ಟಿರಿ.

ವಯಸ್ಸಾದರೆ ಕಸುವು ಹೋಗುವುದೇ ಅಲ್ಲವೇ ಎನ್ನುತ್ತೀರಿ. ಸ್ವಲ್ಪ ಹೋಗುತ್ತದೆ, ಒಪ್ಪೋಣ. ಉಳಿದದ್ದು ಕೂತು ಕಳೆದದ್ದು. ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನು ಸಂಶೋಧಕರು ಹತ್ತು ದಿನ ಹಾಸಿಗೆಯಲ್ಲೇ ಇಟ್ಟು ನೋಡಿದರು. 2007ರಲ್ಲಿ ಅದರ ವರದಿ ಬಂತು: ಹತ್ತೇ ದಿನಕ್ಕೆ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ನಮ್ಮ ಪಕ್ಕದ ಮನೆಯಾಕೆ ಮಲಗಿರುವುದು ತಿಂಗಳುಗಟ್ಟಲೆ. ಮೊಳಕೈವರೆಗೆ ಜಾರುವ ಬಳೆಗಳನ್ನು ಈಗ ಸೊಸೆ ತೆಗೆದಿಟ್ಟಿದ್ದಾಳೆ. ಇನ್ನೊಂದು ಸಂಗತಿಯನ್ನೂ ಕೇಳಿ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವಯಸ್ಸಿನವರಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿತು, ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತರ ಮುದುಕರಿಗೆ ಸಾಧ್ಯವಾದದ್ದು ನಮ್ಮ ಅರವತ್ತೈದಕ್ಕೆ ಸಾಧ್ಯವಿಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಅದನ್ನೇ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ, 65 ದಾಟಿದವರಿಗೆ ಅದರ ಜೊತೆ ವಾರದಲ್ಲಿ ಮೂರು ದಿನವಾದರೂ ಸಮತೋಲನ, ಬಲ ಕಾಯುವ ವ್ಯಾಯಾಮ. ಅದಕ್ಕೆಂದೇ ತಂದಿಟ್ಟ ಸಾಮಾನು ನಿಮ್ಮ ಬೀಗದ ಆಚೆ ತುಕ್ಕು ಹಿಡಿಯುತ್ತಿದೆ.

ಮನೆಯಲ್ಲಿ ಕುಳಿತುಕೊಳ್ಳಬೇಕಂತೆ! ಕೂತವರು ಕಡಿಮೆ ಇದ್ದಾರೆಯೇ? ದೇಶದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಬೇಕಾದಷ್ಟು ಮೈ ಆಡಿಸುವುದಿಲ್ಲ, ಹೆಂಗಸರಲ್ಲಿ ಇದು ನೂರಕ್ಕೆ 57 ಎಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಲೆಕ್ಕ ಕೊಟ್ಟಿತು. ಹೆಂಗಸರು ಸೋಮಾರಿಗಳೆಂದಲ್ಲ. ಕತ್ತಲಿದ್ದಾಗಲೇ ಏಳುವವರು ಅವರೇ. ಆದರೆ ದಾರಿಯಲ್ಲಿ ದೀಪವಿಲ್ಲ, ಐವತ್ತು ದಾಟಿದ ಎಷ್ಟೋ ಮಂದಿಗೆ ಆಗಾಗ ಬೇಕಾಗುವ ಶೌಚಾಲಯವಿಲ್ಲ, ಇದ್ದರೂ ಅದಕ್ಕೂ ಬೀಗ. ವರ್ಷಕ್ಕೊಮ್ಮೆ ನಮ್ಮೂರಲ್ಲಿ ವೃಕ್ಷಥಾನ್ ಓಟ ನಡೆಯುತ್ತದೆ, ಮೊಮ್ಮಕ್ಕಳು ಟೀ ಶರ್ಟ್ ತೊಟ್ಟು ಓಡುತ್ತಾರೆ, ಸಂತೋಷ. ಉಳಿದ ದಿನಗಳ ಗತಿಯೇನು?

ಹೇಳುತ್ತಾ ಹೋದರೆ ಬಹಳವಿದೆ, ಹೇಳಿಯೇ ಬಿಡುತ್ತೇನೆ. ಪಾದಚಾರಿ ಮಾರ್ಗದಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಮೇನಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಆ ಮಾರ್ಗ ಕನಿಷ್ಠ 1.8 ಮೀಟರ್ ಅಗಲವಿರಬೇಕು. ಟೇಪು ಹಿಡಿದು ನಮ್ಮ ಜೊತೆ ಬನ್ನಿ, ಗ್ಯಾರೇಜು, ಫ್ಲೆಕ್ಸು, ಬಂಡಿಗಳ ನಡುವೆ ಎಲ್ಲಿ ಅಳೆಯುತ್ತೀರೋ ನೋಡೋಣ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಇಪ್ಪತ್ತು ಮೀಟರಿನ ರಸ್ತೆ ದಾಟಲು ಇಪ್ಪತ್ತೈದು ಸೆಕೆಂಡು ಬೇಕು. ಅಷ್ಟು ಹೊತ್ತು ಯಾವ ಟ್ರ್ಯಾಕ್ಟರು ನಿಲ್ಲುತ್ತದೆ? ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆ ಆಗಬೇಕೆಂದು ಅದರಲ್ಲೇ ಬರೆದಿದೆ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಾದವು, ಬೋರ್ಡು ಬದಲಾದವು. ಅಲ್ಲಿಯ ಯಾವ ಕೇಂದ್ರದಲ್ಲಿ ಯಾವ ವಾರ ಆ ತಪಾಸಣೆ, ಮುರಿದ ಸೊಂಟದವರನ್ನು ಮತ್ತೆ ನಡೆಸಲು ಫಿಸಿಯೋಥೆರಪಿಯವರು ಯಾರು? ಅದು ನಮ್ಮ ಇಲಾಖೆಯಲ್ಲ ಎನ್ನುತ್ತೀರಿ. ನಿಮ್ಮ ಇಲಾಖೆಯದು ಯಾವುದು ಮತ್ತೆ, ಬೀಗವೇ?

ಬಿದ್ದಾಕೆಯ ಆಸ್ಪತ್ರೆಯ ಖರ್ಚನ್ನು ನಾವು ನಿಮ್ಮ ಮುಂದೆ ಇಟ್ಟಿಲ್ಲ, ಅವರ ಮಕ್ಕಳು ಭರಿಸಿದ್ದಾರೆ. ಕ್ಷಮೆ ಕೇಳಿರಿ ಎಂದೂ ಹೇಳುವುದಿಲ್ಲ, ಬಾಯಿಮಾತಿನ ರುಚಿ ಸೋಮವಾರದ ಮಾತಿನಲ್ಲೇ ನೋಡಿದ್ದೇವೆ. ಗೇಟಿನ ಒಂದು ಕೀಲಿಯನ್ನು ಕಾಲೊನಿಯ ಹಿರಿಯರ ಕೈಗೆ ಕೊಡಿ, ಐದೂವರೆಗೆ ತೆರೆದು ಒಂಬತ್ತಕ್ಕೆ ಹಾಕುವುದು ನಮ್ಮ ಜವಾಬ್ದಾರಿ. ರಿಜಿಸ್ಟರಿನಲ್ಲಿ ಸಹಿ ಬೇಕಾದರೂ ಮಾಡುತ್ತೇವೆ. ಕೊಡಲಾಗದಿದ್ದರೆ ಯಾವ ನಿಯಮದಡಿ ಕೊಡಲಾಗದು ಎಂಬುದನ್ನು ನಿಮ್ಮ ಸಹಿ, ತಾರೀಕಿನೊಂದಿಗೆ ಬರಹದಲ್ಲಿ ತಿಳಿಸಿ. ಆ ಕಾಗದ ಹಿಡಿದುಕೊಂಡು ಜಿಲ್ಲಾಧಿಕಾರಿಗಳ ಹತ್ತಿರ ಹೋಗುವುದಿದೆ, ನಡೆದುಕೊಂಡೇ.

ಇತಿ,
ನಿವೃತ್ತ ನರ್ಸಬಾಯಿ,
ಸೊಲ್ಲಾಪುರ ರಸ್ತೆ, ವಿಜಯಪುರ