ಹೆಸರಿಲ್ಲದವರ ಪೂರ್ವಕಥೆ

1977ರಲ್ಲಿ ಜಾರ್ಜ್ ಲ್ಯೂಕಸ್ ಅವರು ರಚಿಸಿದ ‘ಸ್ಟಾರ್ ವಾರ್ಸ್’ ಚಿತ್ರಪಟದ ಮೊದಲಲ್ಲಿ, ತೆರೆಯ ಮೇಲೆ ಹರಿದುಹೋಗುವ ಬರಹದೊಳಗೆ ಒಂದು ವಾಕ್ಯವುಂಟು: ಬಂಡಾಯದ ಗೂಢಚಾರರು ಸಾಮ್ರಾಜ್ಯದ ಮಹಾಸ್ತ್ರವಾದ ‘ಡೆತ್ ಸ್ಟಾರ್’ನ ನಕ್ಷೆಗಳನ್ನು ಅಪಹರಿಸಿದರೆಂದು. ಆ ಗೂಢಚಾರರು ಯಾರು, ಅವರ ಗತಿ ಏನಾಯಿತೆಂಬುದನ್ನು 2016ರಲ್ಲಿ ಗ್ಯಾರೆತ್ ಎಡ್ವರ್ಡ್ಸ್ ಅವರು ನಿರ್ದೇಶಿಸಿದ ‘ರೋಗ್ ವನ್’ ಎಂಬ ಪೂರ್ವಕಥೆಯು ತೋರಿಸುತ್ತದೆ.

ಅಂತ್ಯವು ಮೊದಲೇ ಗೊತ್ತಿರುವ ಕಥೆಯಲ್ಲಿ ಸ್ವಾರಸ್ಯವೇನೆಂದು ಕೆಲವರು ಮೂಗು ಮುರಿಯುವರು. ಅಭಿಮನ್ಯುವು ಚಕ್ರವ್ಯೂಹದಿಂದ ಮರಳಿ ಬರಲಾರನೆಂಬುದನ್ನು ಅರಿತೂ ಇಡೀ ರಾತ್ರಿ ಬಯಲಾಟದ ಮುಂದೆ ಕುಳಿತುಕೊಳ್ಳುವ ನಮ್ಮ ಜನರಿಗೆ ಈ ಆಕ್ಷೇಪವು ಹಿಡಿಸಲಾರದು. ಗೆಲೆನ್ ಅರ್ಸೋ ಎಂಬ ವಿಜ್ಞಾನಿಯು ಸಾಮ್ರಾಜ್ಯದ ಬಲವಂತಕ್ಕೆ ಸಿಕ್ಕಿ ಆ ಅಸ್ತ್ರವನ್ನು ನಿರ್ಮಿಸುತ್ತಾನೆ. ಆದರೆ ಅದರ ಗರ್ಭದಲ್ಲಿ ಗುಟ್ಟಾಗಿ ಒಂದು ಕುಂದನ್ನೂ ಇಡುತ್ತಾನೆ. ಅಷ್ಟು ದೊಡ್ಡ ಕೋಟೆಯು ಒಂದು ಚಿಕ್ಕ ರಂಧ್ರದಿಂದ ನಾಶವಾಯಿತೆಂದು ಹಳೆಯ ಚಿತ್ರವನ್ನು ಹಾಸ್ಯಮಾಡುತ್ತಿದ್ದವರಿಗೆ ಇದು ತಕ್ಕ ಉತ್ತರ. ನಕ್ಷೆಗಾಗಿ ಹೊರಟ ಆತನ ಮಗಳು ಜಿನ್ ಮತ್ತು ಅವಳ ಸಂಗಡಿಗರಲ್ಲಿ ಒಬ್ಬರೂ ಉಳಿಯುವದಿಲ್ಲ. ಮುಂದಿನ ಚಿತ್ರದ ಗಳಿಕೆಗಾಗಿ ನಾಯಕರನ್ನು ಬದುಕಿಸಿಡುವ ಉದ್ಯಮದಲ್ಲಿ ಇದೇನು ಸಣ್ಣ ಧೈರ್ಯವಲ್ಲ. ಸಾಮ್ರಾಜ್ಯವೊಂದನ್ನು ಎದುರಿಸಿ, ಹೆಸರೂ ಉಳಿಯದೆ ಅಳಿದವರ ಋಣವನ್ನು ಹೊತ್ತಿರುವ ನಾಡಿನವರಾದ ನಮಗೆ ಆ ಕಡೆಯ ಅರ್ಧ ತಾಸು ಕೇವಲ ಮನರಂಜನೆಯಾಗಿ ತೋರಲಿಲ್ಲ.

ಆದರೆ ಸತ್ತವರಿಗಾಗಿ ಮರುಗಬೇಕಾದರೆ ಅವರ ಪರಿಚಯವಾದರೂ ಇರಬೇಕಷ್ಟೆ! ಮೊದಲರ್ಧವು ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರುವದರಲ್ಲಿಯೇ ಕಳೆದುಹೋಗುತ್ತದೆ. ಬಂಡಾಯದ ಅಧಿಕಾರಿಯಾದ ಕ್ಯಾಸಿಯನ್ ಆಂಡೋರನು ಆರಂಭದಲ್ಲಿಯೇ, ಗೋಡೆ ಹತ್ತಿ ತಪ್ಪಿಸಿಕೊಳ್ಳಲಾರದ ತನ್ನದೇ ಸುದ್ದಿಗಾರನನ್ನು, ವೈರಿಯ ಕೈಗೆ ಸಿಕ್ಕಬಾರದೆಂದು ಗುಂಡಿಕ್ಕಿ ಕೊಲ್ಲುತ್ತಾನೆ. ಸ್ವಾತಂತ್ರ್ಯಕ್ಕಾಗಿ ಹೋರಾಡುವವನ ಕೈಗೆ ಇಂಥ ರಕ್ತವು ಅಂಟಬಹುದೇ? ಸಾಧ್ಯದ ಶುದ್ಧಿಯಷ್ಟೇ ಸಾಧನದ ಶುದ್ಧಿಯೂ ಮುಖ್ಯವೆಂದು ವಾದಿಸುತ್ತ ಬೆಳೆದ ದೇಶದ ಪ್ರೇಕ್ಷಕನು ಇಲ್ಲಿ ಎಚ್ಚತ್ತು ಕುಳಿತುಕೊಳ್ಳುತ್ತಾನೆ. ಚಿತ್ರವು ಮಾತ್ರ ಮುಂದೆ ಅವನ ಬಾಯಿಂದ ಪಶ್ಚಾತ್ತಾಪದ ನಾಲ್ಕು ಮಾತು ಆಡಿಸಿ ಕೈತೊಳೆದುಕೊಳ್ಳುತ್ತದೆ. ಆ ಪ್ರಶ್ನೆಯನ್ನು ನಿಧಾನವಾಗಿ ಬಿಡಿಸುವ ಕಾರ್ಯವು 2022ರಲ್ಲಿ ಮೊದಲಾದ ‘ಆಂಡೋರ್’ ಮಾಲಿಕೆಯ ಪಾಲಿಗೆ ಬಂದಿತು.

ಇದಕ್ಕೂ ಮಿಗಿಲಾಗಿ ನಮ್ಮನ್ನು ನೋಯಿಸಿದ ಸಂಗತಿ ಬೇರೆಯಿದೆ. 1977ರ ಚಿತ್ರದಲ್ಲಿ ಸೇನಾಧಿಪತಿ ಟಾರ್ಕಿನ್ ಆಗಿ ಅಭಿನಯಿಸಿದ ಪೀಟರ್ ಕುಶಿಂಗ್ ಅವರು 1994ರಲ್ಲಿ ತೀರಿಕೊಂಡರು. ಗಣಕಯಂತ್ರದ ಬಲದಿಂದ ಅವರ ಮುಖವನ್ನು ಮರಳಿ ನಿರ್ಮಿಸಿ ಇಲ್ಲಿ ಮಾತನಾಡಿಸಿದ್ದಾರೆ. ಹಕ್ಕುದಾರರ ಸಮ್ಮತಿಯನ್ನು ಪಡೆದಿದ್ದರೆಂಬುದೇನೋ ನಿಜ. ಆದರೆ ಮರಣಕ್ಕೆ ಇಷ್ಟೊಂದು ಗೌರವ ಸಲ್ಲಿಸುವ ಚಿತ್ರವೇ ಒಬ್ಬ ನಟನ ಮರಣವನ್ನು ಲೆಕ್ಕಿಸದಿರುವದು ವಿಚಿತ್ರವಲ್ಲವೇ? ಯಂತ್ರದ ಕೌಶಲಕ್ಕೆ ತಲೆದೂಗಿದವರು ಬಹಳ ಮಂದಿ. ಆ ಕಣ್ಣುಗಳಲ್ಲಿ ನಮಗೆ ಜೀವವೇ ಕಾಣಲಿಲ್ಲ. ಅಷ್ಟಕ್ಕೂ ಆ ಪಾತ್ರಕ್ಕೆ ದೇಹವನ್ನೂ ಧ್ವನಿಯನ್ನೂ ಕೊಟ್ಟವರು ಗೈ ಹೆನ್ರಿ ಎಂಬ ಜೀವಂತ ನಟರು. ಅವರಿಗೇ ವೇಷ ಹಚ್ಚಿ ನಿಲ್ಲಿಸಿದ್ದರೆ ಪ್ರೇಕ್ಷಕರು ಒಪ್ಪದೆ ಇರುತ್ತಿರಲಿಲ್ಲ. ಹೆಸರಿಲ್ಲದವರನ್ನು ಸ್ಮರಿಸಹೊರಟ ಚಿತ್ರದಲ್ಲಿ, ದುಡಿದ ಆ ಮನುಷ್ಯನ ಮುಖವನ್ನೇ ಅಳಿಸಿ ಸತ್ತವರ ಮುಖವನ್ನು ಅಂಟಿಸಿದ್ದಾರೆ.