ಅನುಮಾನವನ್ನು ಎಲ್ಲಿ ಒಪ್ಪಿಸಬೇಕು?

ಆಪರೇಶನ್ ಮುಗಿಸಿ ವಾರ್ಡಿಗೆ ಬಂದ ರೋಗಿ ನಡುರಾತ್ರಿ ‘ಸಿಸ್ಟರ್, ನೋವು ತಡೆಯೋಕಾಗ್ತಿಲ್ಲ’ ಅನ್ನುತ್ತಾರೆ. ಚಾರ್ಟ್ ತೆಗೆದು ನೋಡಿದರೆ ಅರ್ಧ ಗಂಟೆಯ ಹಿಂದಷ್ಟೇ ಇಂಜೆಕ್ಷನ್ ಕೊಟ್ಟಿದೆ ಎಂದು ಬರೆದಿದೆ, ಪಕ್ಕದಲ್ಲಿ ಸಹಿಯೂ ಇದೆ. ಹೀಗೆ ಒಮ್ಮೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವರಿಗೆ ನೋವು ಹೆಚ್ಚು, ಕೆಲವರಿಗೆ ಮಾಮೂಲಿ ಡೋಸ್ ಸಾಲುವುದಿಲ್ಲ. ಆದರೆ ಒಬ್ಬರೇ ನರ್ಸ್ ಡ್ಯೂಟಿಯಲ್ಲಿದ್ದ ರಾತ್ರಿಗಳಲ್ಲಿ ಬೇರೆ ಬೇರೆ ರೋಗಿಗಳು ಇದೇ ಮಾತು ಹೇಳತೊಡಗಿದರೆ ಏನೆಂದುಕೊಳ್ಳಬೇಕು? ರೋಗಿಗೆ ಸೇರಬೇಕಾದ ಔಷಧ ಕೊಡುವವರ ಮೈಗೇ ಸೇರುತ್ತಿರಬಹುದು ಎಂಬುದಕ್ಕೆ ಎಷ್ಟೋ ಸಲ ಮೊದಲ ಸಾಕ್ಷಿ ಆ ರೋಗಿಗಳೇ. ಅವರ ಮಾತನ್ನು ನಾವು ನಂಬುವುದು ಮಾತ್ರ ಎಲ್ಲರಿಗಿಂತ ಕೊನೆಗೆ.

ಜತೆಯಲ್ಲಿ ದುಡಿಯುವ ನರ್ಸ್ ಒಬ್ಬರು ಅಮಲಿನಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬ ಅನುಮಾನ ಬಂದಾಗ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ಬಾಯಿಬಿಟ್ಟು ಕೇಳುವವರು ಕಡಿಮೆ. ವಾರ್ಡಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು, ‘ಪಾಪ, ಅವಳ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು, ನಮಗ್ಯಾಕೆ ಆ ಉಸಾಬರಿ’ ಎಂಬ ಮಾತು. ಆಡಳಿತದವರ ಕೋಣೆಯಲ್ಲಿ ನಡೆಯುವುದು ಬೇರೆ: ರಾಜೀನಾಮೆ ಬರೆಸಿಕೊಂಡು ಸದ್ದಿಲ್ಲದೆ ಕಳಿಸಿಬಿಡುವುದು. ಈ ಎರಡರಿಂದಲೂ ರೋಗಿಗೆ ಅಪಾಯ ತಪ್ಪುವುದಿಲ್ಲ, ಆ ನರ್ಸ್‌ಗೂ ಅಪಾಯ ತಪ್ಪುವುದಿಲ್ಲ. ಸಹೋದ್ಯೋಗಿಯ ಕೆಲಸ ತೀರ್ಪು ಕೊಡುವುದಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ, ತಡಮಾಡದೆ, ಅದನ್ನು ಪರೀಕ್ಷಿಸುವ ಹೊಣೆ ಇರುವವರ ಕೈಗೆ ಒಪ್ಪಿಸುವುದು ಅವರ ಕರ್ತವ್ಯ. ಹಾಗೆ ಒಪ್ಪಿಸಿದ ಮಾತು ಶಿಕ್ಷೆಯ ಕಡೆಗೆ ಹೋಗದೆ ಚಿಕಿತ್ಸೆಯ ಕಡೆಗೆ ಹೋಗುವಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಕರ್ತವ್ಯ. ಎರಡನೆಯದು ಇಲ್ಲದಿದ್ದರೆ ಮೊದಲನೆಯದನ್ನು ಯಾರಿಂದಲೂ ನಿರೀಕ್ಷಿಸುವ ಹಾಗಿಲ್ಲ ಎಂಬುದು ನನ್ನ ವಾದ.

ನರ್ಸ್‌ಗಳು ಇದಕ್ಕೆ ಹೇಗೆ ಬೀಳುತ್ತಾರೆ ಎಂದು ಆಶ್ಚರ್ಯಪಡುವವರಿಗೆ ಒಂದು ಮಾತು. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6 ಮಂದಿ ಮದ್ಯವನ್ನೂ ಶೇ. 2.1 ಮಂದಿ ಅಫೀಮು ಜಾತಿಯ ಪದಾರ್ಥಗಳನ್ನೂ ಬಳಸುತ್ತಾರೆ. ಬಿಳಿ ಸಮವಸ್ತ್ರ ತೊಟ್ಟವರು ಈ ಸಮಾಜದಿಂದ ಹೊರಗಿನವರೇನಲ್ಲ. ಅದರ ಮೇಲೆ ಅವರಿಗಷ್ಟೇ ಇರುವ ಕಾರಣಗಳೂ ಇವೆ. ಭಾರದ ರೋಗಿಗಳನ್ನು ಹೊರಳಿಸಿ, ಎತ್ತಿ ಕೂರಿಸಿ ಬರುವ ಸೊಂಟನೋವು, ನೈಟ್ ಡ್ಯೂಟಿ ಸರಣಿಯಲ್ಲಿ ಕೆಟ್ಟುಹೋಗುವ ನಿದ್ದೆ, ಐಸಿಯುನಲ್ಲಿ ಕಣ್ಣೆದುರೇ ಆಗುವ ಸಾವುಗಳು, ಮನೆಗೆ ಹೋದರೆ ಕಾದಿರುವ ಅಡುಗೆ ಮತ್ತು ಮಕ್ಕಳು. ಔಷಧ ಕೈಯಳತೆಯಲ್ಲೇ ಇದೆ, ಎಷ್ಟು ಕೊಟ್ಟರೆ ಏನಾಗುತ್ತದೆಂಬ ಅರಿವೂ ಇದೆ. ಆ ಅರಿವೇ ‘ನನಗೆ ಗೊತ್ತು, ನಾನು ಅಳತೆ ಮೀರುವುದಿಲ್ಲ’ ಎಂಬ ಧೈರ್ಯ ಕೊಡುತ್ತದೆ. ಸೊಂಟನೋವಿಗೆಂದು ಹಾಕಿಕೊಂಡ ಒಂದು ಟ್ರಾಮಡಾಲ್ ಅಥವಾ ಪೆಂಟಾಜೊಸಿನ್ ಇಂಜೆಕ್ಷನ್‌ನಿಂದ ಶುರುವಾದದ್ದು, ಅದಿಲ್ಲದೆ ಡ್ಯೂಟಿಗೆ ಬರಲಾಗದ ಸ್ಥಿತಿಗೆ ಮುಟ್ಟುತ್ತದೆ.

ಆ ಇಂಜೆಕ್ಷನ್ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಸಹೋದ್ಯೋಗಿಯ ಹೊಣೆ ಹುಟ್ಟುವುದೇ ಅಲ್ಲಿ. ಉದಾಹರಣೆಗೆ, ನೋವಿಗೆಂದೇ ಕೊಡುವ ಫೆಂಟನಿಲ್ ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ತೀಕ್ಷ್ಣವಾದ ಔಷಧ. 2 ಎಂ.ಎಲ್. ಆಂಪೂಲ್‌ನಲ್ಲಿರುವುದು 100 ಮೈಕ್ರೋಗ್ರಾಂ ಮಾತ್ರ. ರೋಗಿಗೆ ಬೇಕಾದದ್ದು 50 ಆದರೆ ಇನ್ನರ್ಧ ಉಳಿಯುತ್ತದೆ. ಅದನ್ನು ಇನ್ನೊಬ್ಬರ ಕಣ್ಣೆದುರು ಚೆಲ್ಲಿ, ಖಾಲಿ ಆಂಪೂಲ್ ವಾಪಸು ಕೊಟ್ಟು, ನಾರ್ಕೋಟಿಕ್ ರಿಜಿಸ್ಟರ್‌ನಲ್ಲಿ ಇಬ್ಬರೂ ಸಹಿ ಹಾಕಬೇಕು. ಡಬಲ್ ಲಾಕ್‌ನ ಅಲ್ಮೇರಾ, ಶಿಫ್ಟ್ ಬದಲಾಗುವಾಗ ಎಣಿಸಿ ಹ್ಯಾಂಡೋವರ್ ಮಾಡುವ ಪದ್ಧತಿ, ಎಲ್ಲ ಇರುವುದು ಇದಕ್ಕಾಗಿಯೇ. ಆದರೆ ಒಬ್ಬರ ಪಾಲಿಗೆ ಹದಿನೈದು, ಇಪ್ಪತ್ತು ರೋಗಿಗಳಿರುವ ವಾರ್ಡಿನಲ್ಲಿ ‘ಸಿಸ್ಟರ್, ಒಂದು ಸೈನ್ ಹಾಕಿ’ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ನೋಡುವವರು ಎಷ್ಟು ಜನ? ಕಾಣದ್ದಕ್ಕೆ ಸಾಕ್ಷಿಯಾಗಿ ಸಹಿ ಬೀಳುತ್ತದೆ. ಹಾಗಾಗಿ ಮುಂದೊಂದು ದಿನ ಅನುಮಾನ ಮೂಡಿದಾಗ ಬಾಯಿ ಕಟ್ಟುವುದು ಗೆಳತಿಯ ಮೇಲಿನ ಪ್ರೀತಿ ಮಾತ್ರವಲ್ಲ, ರಿಜಿಸ್ಟರ್‌ನಲ್ಲಿರುವ ನಮ್ಮದೇ ಸಹಿಯ ಭಯ ಕೂಡ. ನೋಡದೆ ಸಹಿ ಹಾಕುವುದಿಲ್ಲ ಎಂಬ ನಿಯಮವನ್ನು ಎಲ್ಲರ ಬಗ್ಗೆಯೂ ಒಂದೇ ಸಮನೆ ಪಾಲಿಸಿದರೆ ಯಾರನ್ನೂ ಅವಮಾನಿಸಿದಂತಾಗುವುದಿಲ್ಲ. ಕಷ್ಟದಲ್ಲಿರುವವರನ್ನು ಮೊದಲ ದಿನವೇ ತಡೆಯಬಲ್ಲ ಕೆಲಸವೂ ಅದೇ.

ಇನ್ನು ಲಕ್ಷಣಗಳ ಮಾತು. ತಾನಾಗಿ ಹೆಚ್ಚುವರಿ ಡ್ಯೂಟಿ ಕೇಳುವುದು, ಬೇರೆಯವರ ರೋಗಿಗಳಿಗೂ ‘ನೋವಿನ ಇಂಜೆಕ್ಷನ್ ನಾನೇ ಕೊಡ್ತೀನಿ’ ಎನ್ನುವುದು, ಪದೇ ಪದೇ ಬಾತ್‌ರೂಮ್‌ಗೆ ಹೋಗಿ ಬಹಳ ಹೊತ್ತು ಬಾರದಿರುವುದು, ಆಂಪೂಲ್‌ಗಳು ಒಬ್ಬರ ಕೈಯಲ್ಲೇ ಒಡೆಯುವುದು, ಸೆಕೆಯಲ್ಲೂ ತುಂಬುತೋಳು, ಸೂಜಿಮೊನೆಯಷ್ಟಕ್ಕೆ ಕುಗ್ಗಿದ ಕಣ್ಣಪಾಪೆ, ಮಾತಾಡುತ್ತಲೇ ತೂಕಡಿಕೆ. ಇವುಗಳಲ್ಲಿ ಯಾವುದೂ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಸತತ ನೈಟ್ ಡ್ಯೂಟಿ ಮಾಡಿದವರು ತೂಕಡಿಸುತ್ತಾರೆ. ಸಾಲ ತೀರಿಸಬೇಕಾದವರು ಹೆಚ್ಚುವರಿ ಡ್ಯೂಟಿ ಕೇಳುತ್ತಾರೆ. ತುಂಬುತೋಳಿನ ಕೆಳಗೆ ಗಂಡ ಹೊಡೆದ ಗುರುತು ಇರಬಹುದು. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಇಳಿದರೆ ನಾಲಿಗೆ ತೊದಲುತ್ತದೆ, ನಡಿಗೆ ತಪ್ಪುತ್ತದೆ, ನೋಡಿದವರಿಗೆ ಕುಡಿದ ಹಾಗೇ ಕಾಣುತ್ತದೆ. ಗ್ಲುಕೋಮೀಟರ್ ಪ್ರತಿ ವಾರ್ಡಿನಲ್ಲೂ ಇರುತ್ತದೆ, ಒಂದು ಹನಿ ರಕ್ತ ಸಾಕು. ‘ಅವಳು ಏನೋ ತಗೊಳ್ತಾಳಂತೆ’ ಎಂದು ಕ್ಯಾಂಟೀನ್‌ನಲ್ಲಿ ಹೇಳುವ ಮೊದಲು ಆ ಒಂದು ಹನಿಯ ಪರೀಕ್ಷೆ ಆಗಿರಬೇಕು.

ಅನುಮಾನ ಒಮ್ಮೆ ಬೇರೂರಿದರೆ ಎಲ್ಲವೂ ಅದಕ್ಕೆ ಪುರಾವೆಯಾಗಿ ಕಾಣತೊಡಗುತ್ತದೆ. ನೆದರ್‌ಲ್ಯಾಂಡ್ಸ್‌ನ ನರ್ಸ್ ಲೂಸಿಯಾ ಡಿ ಬರ್ಕ್ ಪ್ರಕರಣ ಮಾದಕ ಔಷಧದ್ದಲ್ಲ, ರೋಗಿಗಳನ್ನು ಕೊಂದ ಆರೋಪದ್ದು. ಆದರೂ ಇಲ್ಲಿ ಅದನ್ನು ನೆನೆಯಲೇಬೇಕು. ಆಕೆಯ ಪಾಳಿಯಲ್ಲಿ ಸಾವುಗಳು ಹೆಚ್ಚು ಎಂಬ ಸಹೋದ್ಯೋಗಿಗಳ ಗುಮಾನಿಯಿಂದ ಅದು ಶುರುವಾಯಿತು. ಇಷ್ಟೊಂದು ಕಾಕತಾಳೀಯ ನಡೆಯುವ ಸಂಭವ 34.2 ಕೋಟಿಯಲ್ಲಿ ಒಂದು ಎಂಬ ಲೆಕ್ಕ ನ್ಯಾಯಾಲಯದ ಮುಂದೆ ಬಂತು. ಡೈರಿಯಲ್ಲಿ ಬರೆದುಕೊಂಡಿದ್ದ ಖಾಸಗಿ ಸಾಲುಗಳೂ ಆಕೆಗೆ ವಿರುದ್ಧವಾದವು. 2003ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಲೆಕ್ಕವೇ ತಪ್ಪೆಂದು ಬೇರೆ ಸಂಖ್ಯಾಶಾಸ್ತ್ರಜ್ಞರು ತೋರಿಸಿಕೊಟ್ಟರು, ವೈದ್ಯಕೀಯ ಪುರಾವೆಗಳೂ ನಿಲ್ಲಲಿಲ್ಲ, 2010ರಲ್ಲಿ ಆಕೆ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಆಕೆ ವರ್ಷಗಟ್ಟಲೆ ಜೈಲಿನಲ್ಲಿದ್ದರು, ಅಲ್ಲಿ ಪಾರ್ಶ್ವವಾಯುವಿಗೂ ತುತ್ತಾಗಿದ್ದರು. ನಮ್ಮಲ್ಲಿ ವಿದೇಶಕ್ಕೆ ಹೋಗಲು ಕಾಗದಪತ್ರ ಸಿದ್ಧ ಮಾಡಿಕೊಳ್ಳುತ್ತಿರುವ, ಮದುವೆಯ ಮಾತು ನಡೆಯುತ್ತಿರುವ ಮಂಗಳೂರಿನ ಒಬ್ಬ ಹುಡುಗಿಯ ಹೆಸರಿಗೆ ‘ಡ್ರಗ್ಸ್’ ಎಂಬ ಪದ ಅಂಟಿಕೊಂಡರೆ ಅದನ್ನು ತೊಳೆಯಲು ಯಾವ ನ್ಯಾಯಾಲಯದಿಂದಲೂ ಆಗದು.

ಹಾಗಾದರೆ ಸುಮ್ಮನಿರುವುದೇ ಕ್ಷೇಮವೇ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸಿಟರ್ ಆಸ್ಪತ್ರೆಯಲ್ಲಿ 2012ರಲ್ಲಿ ಬಯಲಾದ ಸಂಗತಿ ಇದಕ್ಕೆ ಉತ್ತರ. ಕ್ಯಾಥ್ ಲ್ಯಾಬ್‌ನ ಒಬ್ಬ ತಂತ್ರಜ್ಞ, ಆತ ನರ್ಸ್ ಅಲ್ಲ, ರೋಗಿಗಳಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜ್ ಕದ್ದು ತನಗೆ ಚುಚ್ಚಿಕೊಂಡು, ಅದೇ ಸಿರಿಂಜ್‌ಗೆ ಸಲೈನ್ ತುಂಬಿ ವಾಪಸು ಇಡುತ್ತಿದ್ದ. ಆತನಿಗೆ ಹೆಪಟೈಟಿಸ್ ಸಿ ಇತ್ತು. ಆ ಒಂದೇ ಆಸ್ಪತ್ರೆಯಲ್ಲಿ 32 ರೋಗಿಗಳಿಗೆ ಸೋಂಕು ತಗುಲಿತು, ಆತ ಮೊದಲು ಕೆಲಸ ಮಾಡಿದ್ದ ಬೇರೆ ರಾಜ್ಯಗಳಲ್ಲೂ ಸೋಂಕಿತರು ಪತ್ತೆಯಾದರು. 2013ರಲ್ಲಿ ಆತನಿಗೆ 39 ವರ್ಷ ಶಿಕ್ಷೆಯಾಯಿತು. ಆದರೆ ನನ್ನನ್ನು ಕಾಡುವುದು ಶಿಕ್ಷೆಯಲ್ಲ, ಅದರ ಹಿಂದಿನ ವರ್ಷಗಳು. ಬೇರೆ ಆಸ್ಪತ್ರೆಗಳಲ್ಲಿ ಆತ ಮೊದಲೇ ಸಿಕ್ಕಿಬಿದ್ದಿದ್ದ. ಅವರು ಕೆಲಸದಿಂದ ಬಿಡಿಸಿ ಕೈತೊಳೆದುಕೊಂಡರು, ಆತ ಮುಂದಿನ ಊರಿಗೆ ಹೋದ. ಎಕ್ಸಿಟರ್‌ನಲ್ಲಿ ಕೆಂಪಾದ ಕಣ್ಣು ಕಂಡು ಕೇಳಿದಾಗ, ಚಿಕ್ಕಮ್ಮ ತೀರಿಕೊಂಡರು, ರಾತ್ರಿಯೆಲ್ಲ ಅತ್ತಿದ್ದೇನೆ ಎಂದ. ಕರುಣೆಯಿಂದ ನಂಬಿದರು. ಆ ಸಹೋದ್ಯೋಗಿಗಳು ಕೆಟ್ಟವರಲ್ಲ, ನಾನಿದ್ದರೂ ನೀವಿದ್ದರೂ ಹಾಗೇ ನಂಬುತ್ತಿದ್ದೆವು. ಆದ್ದರಿಂದಲೇ ಈ ವಿಷಯವನ್ನು ಒಬ್ಬೊಬ್ಬರ ಕರುಣೆಗೆ ಬಿಡಲಾಗದು.

ಸದ್ದಿಲ್ಲದೆ ಬಿಡುಗಡೆ ಮಾಡುವ ಈ ರೂಢಿ ನಮಗೆ ಹೊಸದಲ್ಲ. ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೊಟ್ಟು ಆಸ್ಪತ್ರೆ ತನ್ನ ಹೆಸರು ಉಳಿಸಿಕೊಳ್ಳುತ್ತದೆ, ಚಟ ಹತ್ತಿದವರು ಇನ್ನೊಂದು ಆಸ್ಪತ್ರೆಯ ಡಬಲ್ ಲಾಕ್‌ನ ಬೀಗದ ಕೈ ಪಡೆಯುತ್ತಾರೆ. ಇದನ್ನು ನಾನು ಮುಚ್ಚುಮರೆಯಿಲ್ಲದೆ ಅನ್ಯಾಯ ಎನ್ನುತ್ತೇನೆ.

ಕಣ್ಣೆದುರೇ ಯಾರಾದರೂ ಅಮಲಿನಲ್ಲಿದ್ದಂತೆ ಕಂಡರೆ ಆ ಹೊತ್ತಿಗೆ ಬೇಕಾದದ್ದು ಎರಡೇ. ಅವರ ರೋಗಿಗಳನ್ನು ಬೇರೆಯವರು ವಹಿಸಿಕೊಳ್ಳಬೇಕು, ಮತ್ತು ಅವರನ್ನು ಒಬ್ಬರನ್ನೇ ಬಿಡಬಾರದು. ಫೆಂಟನಿಲ್ ಉಸಿರು ನಿಲ್ಲಿಸಬಲ್ಲದು. ಬಾತ್‌ರೂಮ್‌ನ ಚಿಲಕ ಹಾಕಿಕೊಂಡವರು ಹೊರಗೆ ಬಾರದೇ ಹೋಗಬಹುದು. ಗುಟ್ಟು ಹೊರಬಿದ್ದ ಕೂಡಲೇ ಜೀವ ಕಳೆದುಕೊಳ್ಳುವ ಯೋಚನೆ ಬರುವ ಅಪಾಯವೂ ದೊಡ್ಡದು. ಬೈದು, ಸ್ಕೂಟರ್ ಕೀ ಕೊಟ್ಟು ಮನೆಗೆ ಅಟ್ಟುವುದು ಅತ್ಯಂತ ಕ್ರೂರ ದಾರಿ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ಕ್ಯಾಶುವಾಲ್ಟಿಗೆ ಕರೆದೊಯ್ದು ರೋಗಿಯೆಂದೇ ನೋಡಿಕೊಳ್ಳಬೇಕು. ಅನುಮಾನ ದಿನಗಳಿಂದ ಬೆಳೆದದ್ದಾದರೆ ಬರೆದಿಡಬೇಕು. ಹೇಗೆಂದರೆ, ‘ಬೆಡ್ 7: 2.00 ಗಂಟೆಗೆ ಇಂಜೆಕ್ಷನ್ ಕೊಟ್ಟಿದ್ದಾಗಿ ಎಂಟ್ರಿ, 2.20ಕ್ಕೆ ರೋಗಿ ನೋವೆಂದು ಕರೆದರು’. ಅದರಲ್ಲಿ ಚಟ, ಕಳ್ಳತನ ಎಂಬ ಪದಗಳು ಬೇಡ. ಅದು ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಗೆ ಹೋಗಬೇಕು, ವಾಟ್ಸ್‌ಆ್ಯಪ್ ಗ್ರೂಪಿಗೆ ಖಂಡಿತ ಹೋಗಬಾರದು. ‘ದಯವಿಟ್ಟು ಯಾರಿಗೂ ಹೇಳಬೇಡ ಕಣೇ, ಇನ್ನು ಮುಟ್ಟಲ್ಲ’ ಎಂದು ಗೆಳತಿ ಕೈ ಹಿಡಿದು ಅತ್ತರೆ? ಅತ್ಯಂತ ಕಷ್ಟದ ಗಳಿಗೆ ಅದು. ಆಣೆಯಿಂದ ಚಟ ಬಿಡುವುದಿಲ್ಲ, ಚಿಕಿತ್ಸೆಯಿಂದ ಬಿಡುತ್ತದೆ. ‘ನಾನೇ ನಿನ್ನ ಜತೆ ಬರ್ತೀನಿ, ಇಬ್ಬರೂ ಸೇರಿ ಮೇಡಂಗೆ ಹೇಳೋಣ’ ಎನ್ನುವುದಷ್ಟೇ ಅಲ್ಲಿ ಸ್ನೇಹಿತೆಗೆ ಉಳಿದಿರುವ ದಾರಿ.

ಕಾನೂನು ನಾವಂದುಕೊಂಡಷ್ಟು ಕಲ್ಲುಮನಸ್ಸಿನದಲ್ಲ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆತನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ನಮ್ಮಲ್ಲಿ ಇಲ್ಲದಿರುವುದು ನರ್ಸ್‌ಗಳಿಗೆಂದೇ ಇರುವ ದಾರಿ. ಫ್ಲಾರಿಡಾ ರಾಜ್ಯ 1983ರಲ್ಲೇ ಅಂಥದ್ದನ್ನು ಶುರುಮಾಡಿತು: ಚಿಕಿತ್ಸೆ, ಮೂತ್ರ ಪರೀಕ್ಷೆ, ಕೆಲವು ಕಾಲ ನಾರ್ಕೋಟಿಕ್ ಬೀಗದ ಕೈಯಿಂದ ದೂರ, ಗುಣವಾದರೆ ಮತ್ತೆ ಡ್ಯೂಟಿ. ಅಮೆರಿಕದ ಬಹುಪಾಲು ರಾಜ್ಯಗಳು ಇಂಥ ಕ್ರಮವನ್ನು ಅನುಸರಿಸಿವೆ. ಆಸ್ಟ್ರೇಲಿಯಾದಲ್ಲಿ ಅಮಲಿನಲ್ಲಿ ಕೆಲಸ ಮಾಡುವ ಸಹೋದ್ಯೋಗಿಯ ಬಗ್ಗೆ ತಿಳಿಸುವುದು ನೋಂದಾಯಿತ ನರ್ಸ್‌ಗೆ ಕಾನೂನಿನ ಕಡ್ಡಾಯ. ಅಲ್ಲಿಗೆ ಹೋಗುವ ನಮ್ಮ ಹುಡುಗಿಯರು ಇದನ್ನು ಪಾಲಿಸಲೇಬೇಕು, ಆದರೆ ಇಲ್ಲಿದ್ದಾಗ ಯಾರೂ ಅವರಿಗೆ ಅದನ್ನು ಕಲಿಸಿರುವುದಿಲ್ಲ.

ಎಚ್ಚರಿಕೆಯ ಒಂದು ಮಾತು ಹೇಳಲೇಬೇಕು. ಕಳುವಿಗೆ ಹೆದರಿ ವಾರ್ಡಿನಲ್ಲಿ ಮಾರ್ಫಿನ್ ಇಡುವುದನ್ನೇ ಆಸ್ಪತ್ರೆಗಳು ಕೈಬಿಟ್ಟರೆ, ನರಳುವವರು ಕ್ಯಾನ್ಸರ್ ರೋಗಿಗಳು. ಲೈಸೆನ್ಸ್‌ಗಳ ಗೋಜಲಿನಿಂದ ದಶಕಗಳ ಕಾಲ ನೋವಿನ ಔಷಧ ಜನರಿಗೆ ಸಿಗದೆ ಹೋಯಿತೆಂದೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಬಿಗಿ ಮಾಡಬೇಕಾದದ್ದು ಲೆಕ್ಕವನ್ನು, ರೋಗಿಯ ಪಾಲನ್ನಲ್ಲ.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಬಂದಿರುವ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ಆಯೋಗ ಇರಬೇಕು. ಕರ್ನಾಟಕದ ಆಯೋಗ ಹಾಕಿಕೊಳ್ಳುವ ಮೊದಲ ಕೆಲಸಗಳಲ್ಲಿ, ವ್ಯಸನಕ್ಕೆ ಸಿಕ್ಕಿದ ನರ್ಸ್‌ಗೆ ಗುಟ್ಟು ಕಾಯುವ ಚಿಕಿತ್ಸೆ, ಕೆಲಸದ ಭರವಸೆ ಮತ್ತು ನಿಗಾ ಮೂರೂ ಇರುವ ಒಂದು ಯೋಜನೆ ಸೇರಲಿ. ವ್ಯಸನ ಚಿಕಿತ್ಸೆಯಲ್ಲಿ ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಪ್ರತಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ತಮ್ಮ ಸಿಬ್ಬಂದಿಯನ್ನು ಕೂರಿಸಿಕೊಂಡು, ‘ಯಾರ ಬಗ್ಗೆ ಅನುಮಾನ ಬಂದರೂ ನನಗೆ ಹೇಳಿ, ಹೇಳಿದವರಿಗೂ ತೊಂದರೆಯಿಲ್ಲ, ಅವರನ್ನೂ ಬೀದಿಗೆ ಹಾಕುವುದಿಲ್ಲ’ ಎಂದು ಮಾತು ಕೊಡಲಿ, ಕೊಟ್ಟ ಮಾತಿಗೆ ನಿಲ್ಲಲಿ. ಇದನ್ನು ಓದುತ್ತಿರುವವರಲ್ಲೇ ಯಾರಿಗಾದರೂ ಸಹಾಯ ಬೇಕಿದ್ದರೆ ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲದೆ ಕರೆ ಮಾಡಬಹುದು.